ಮೈಲೇಜಿನ ಅಂಕಿ ಮತ್ತು ರಸ್ತೆಯ ಸಾಕ್ಷ್ಯ

ಶಾಸನಗಳಲ್ಲಿ ಇಂತಿಷ್ಟು ಮತ್ತರು ಗದ್ದೆಯನ್ನು ದತ್ತಿಯಾಗಿ ಬಿಟ್ಟರೆಂಬ ಮಾತು ಬಂದಾಗ, ಆ ಭೂಮಿಯ ವಿಸ್ತಾರ ನಮಗೆ ಒಡನೆಯೇ ತಿಳಿದುಬಿಡುವುದಿಲ್ಲ. ಯಾವ ಗಳೆಯಿಂದ ಅಳೆದ ಮತ್ತರು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ. ಏಕೆಂದರೆ ಅಳತೆಯ ಗಳೆ ಎಲ್ಲೆಡೆಯೂ ಒಂದೇ ಆಗಿರಲಿಲ್ಲ. ಅಂಕಿಯೊಂದನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮುನ್ನ ಅದನ್ನು ಅಳೆದವರು ಯಾರು, ಯಾವ ಸಾಧನದಿಂದ ಅಳೆದರು, ಯಾವ ಪ್ರಯೋಜನಕ್ಕಾಗಿ ಅಳೆದರು ಎಂದು ವಿಚಾರಿಸುವುದು ಇತಿಹಾಸಾಧ್ಯಯನದ ಮೊದಲ ಪಾಠ. ಈ ಪಾಠ ಪ್ರಾಚೀನ ದಾಖಲೆಗಳಿಗಷ್ಟೇ ಸೀಮಿತವಲ್ಲ. ನಮ್ಮ ಕಾಲದಲ್ಲಿ ಮನೆಮನೆಯಲ್ಲಿಯೂ ಚರ್ಚೆಗೆ ಬರುವ ಮೋಟಾರು ಗಾಡಿಯ ‘ಮೈಲೇಜು’ ಎಂಬ ಅಂಕಿಗೂ ಅದು ಸಲ್ಲುತ್ತದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರಕ್ಕೆ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೨೦೨೨ರಲ್ಲಿ ಮಾರುತಿ ಸುಜುಕಿ ಸಂಸ್ಥೆಯು ‘ಗ್ರ್ಯಾಂಡ್ ವಿಟಾರ’ ಎಂಬ ಎಸ್‌ಯುವಿಯನ್ನು ಮಾರುಕಟ್ಟೆಗೆ ತಂದಿತು. ಸಂಸಾರವಂದಿಗರನ್ನೇ ಕಣ್ಣಿನಲ್ಲಿರಿಸಿಕೊಂಡ ಈ ಗಾಡಿ ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿರುವ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ವಿದ್ಯುತ್ ಮೋಟಾರಿನ ಬಲವಾದ ನೆರವುಳ್ಳ ಹೈಬ್ರಿಡ್ ಮಾದರಿಯು ಲೀಟರಿಗೆ ೨೭.೯೭ ಕಿಲೋಮೀಟರು ಓಡುವುದೆಂದು ಸಂಸ್ಥೆಯು ಪ್ರಕಟಿಸಿತು. ಅದೇ ಮೈಕಟ್ಟಿನ ಸಾಧಾರಣ ಗೇರಿನ ಮಾದರಿಗೆ ೨೧.೧೧, ನಾಲ್ಕು ಚಕ್ರಗಳಿಗೂ ಶಕ್ತಿಯೊದಗಿಸುವ ಮಾದರಿಗೆ ೧೯.೩೮. ಎರಡು ದಶಮಾಂಶಗಳವರೆಗೆ ನಿಷ್ಕೃಷ್ಟವಾಗಿರುವ ಈ ಅಂಕಿಗಳು ಸುಳ್ಳಲ್ಲ. ಆದರೆ ಇವು ಯಾವ ಗಳೆಯಿಂದ ಅಳೆದ ಅಂಕಿಗಳು?

೧. ಅಂಕಿ ಹುಟ್ಟುವ ಬಗೆ

ಈ ಪರೀಕ್ಷೆ ನಡೆಯುವುದು ರಸ್ತೆಯ ಮೇಲಲ್ಲ, ಪ್ರಯೋಗಶಾಲೆಯಲ್ಲಿ. ಗಾಡಿಯ ಚಕ್ರಗಳನ್ನು ದೊಡ್ಡ ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರಗಳು ತಿರುಗಿದರೂ ಗಾಡಿ ನಿಂತಲ್ಲಿಯೇ ಇರುತ್ತದೆ. ಹೊರಗೆ ಗಾಳಿಯೂ ಟೈರುಗಳೂ ಒಡ್ಡುವ ತಡೆಯನ್ನು ಇಲ್ಲಿ ಉರುಳೆಗಳೇ ಒಡ್ಡಬೇಕು. ಆ ತಡೆಯ ಪ್ರಮಾಣವನ್ನು ತಿಳಿಯಲು, ಸಮತಟ್ಟಾದ ಪಥದಲ್ಲಿ ಗಾಡಿಯನ್ನು ವೇಗವಾಗಿ ಓಡಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಅದು ತಾನಾಗಿಯೇ ನಿಧಾನಗೊಳ್ಳುವ ಕಾಲವನ್ನು ಮೊದಲೇ ಅಳೆದಿರುತ್ತಾರೆ. ಬಳಿಕ ಚಾಲಕನು ಪರದೆಯ ಮೇಲೆ ಮೂಡುವ ವೇಗದ ರೇಖೆಯನ್ನು ಅನುಸರಿಸಿ ಗಾಡಿಯನ್ನು ಓಡಿಸುತ್ತಾನೆ. ಈ ನಿಗದಿತ ವೇಗಗಳ ಸರಣಿಯನ್ನು ನಾವು ಇಲ್ಲಿ ‘ಚಾಲನಾಕ್ರಮ’ವೆಂದು ಕರೆಯೋಣ. ಹೊಗೆಕೊಳವೆಯಿಂದ ಹೊರಬಿದ್ದ ಅನಿಲಗಳಲ್ಲಿ ಇಂಗಾಲವೆಷ್ಟಿದೆಯೆಂಬುದನ್ನು ಅಳೆದು, ಅದರಿಂದ ಉರಿದ ಪೆಟ್ರೋಲು ಎಷ್ಟೆಂಬುದನ್ನು ಲೆಕ್ಕ ಹಾಕುತ್ತಾರೆ.

ಮೇಲ್ಕಂಡ ಅಂಕಿಗಳಿಗೆ ಆಧಾರವಾದ ಭಾರತೀಯ ಚಾಲನಾಕ್ರಮವು ಯೂರೋಪಿನ ಹಳೆಯ ಚಾಲನಾಕ್ರಮದ ಒಂದು ಮಾರ್ಪಾಡು. ಅದರ ಅವಧಿ ಸುಮಾರು ೨೦ ನಿಮಿಷ. ಯೂರೋಪಿನದರಲ್ಲಿ ಗಂಟೆಗೆ ೧೨೦ ಕಿಲೋಮೀಟರು ಇದ್ದ ಗರಿಷ್ಠ ವೇಗವನ್ನು ಇಲ್ಲಿ ೯೦ಕ್ಕೆ ಇಳಿಸಲಾಯಿತು. ಪರೀಕ್ಷೆಯಲ್ಲಿ ಏರುತಗ್ಗುಗಳಿಲ್ಲ, ಮಳೆಗಾಳಿಗಳಿಲ್ಲ. ಹವಾನಿಯಂತ್ರಣ ಯಂತ್ರ, ಅಂದರೆ ಜನ ಹೇಳುವ ‘ಏಸಿ’, ಓಡುವುದಿಲ್ಲ. ೧೯೬೬ರಲ್ಲಿ ಸ್ಥಾಪಿತವಾದ ಪುಣೆಯ ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ ಎಂಬ ಸಂಸ್ಥೆಯ ಹೆಸರಿನಿಂದ ಇಂಥ ಅಂಕಿಗಳನ್ನು ಜನರು ‘ಎಆರ್‌ಎಐ ಮೈಲೇಜು’ ಎಂದೇ ಗುರುತಿಸುತ್ತಾರೆ.

೨. ಗಳೆಯ ಇತಿಹಾಸ

ಇಂಥ ಚಾಲನಾಕ್ರಮಗಳು ಮೊದಲಿಗೆ ಮೈಲೇಜನ್ನು ಅಳೆಯಲೆಂದು ಹುಟ್ಟಿದವಲ್ಲವೆಂಬುದು ಗಮನಾರ್ಹ. ಲಾಸ್ ಏಂಜಲೀಸ್ ನಗರದ ಹೊಗೆಮಂಜಿನ ಕಾಟವನ್ನು ತಡೆಯುವ ಪ್ರಯತ್ನದಲ್ಲಿ, ಅಲ್ಲಿ ಜನರು ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯ ಸಂಚಾರವನ್ನು ಮಾದರಿಯಾಗಿಟ್ಟುಕೊಂಡು ಅಮೆರಿಕದ ನಗರ ಚಾಲನಾಕ್ರಮ ರೂಪುಗೊಂಡಿತು. ಯೂರೋಪಿನ ನಗರ ಚಾಲನಾಕ್ರಮವೂ ೧೯೭೦ರ ವೇಳೆಗೆ ವಿಷಾನಿಲಗಳ ನಿಯಂತ್ರಣಕ್ಕಾಗಿಯೇ ಬಂದಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ರಫ್ತನ್ನು ತಡೆದಾಗ ಪರಿಸ್ಥಿತಿ ಬದಲಾಯಿತು. ೧೯೭೫ರಲ್ಲಿ ಅಮೆರಿಕದ ಶಾಸನಸಭೆ ಶಕ್ತಿನೀತಿಯ ಕಾಯಿದೆಯೊಂದನ್ನು ಮಾಡಿ, ಪ್ರತಿಯೊಬ್ಬ ತಯಾರಕನೂ ತನ್ನ ಗಾಡಿಗಳ ಸರಾಸರಿ ಮೈಲೇಜನ್ನು ಹಂತಹಂತವಾಗಿ ಹೆಚ್ಚಿಸಬೇಕೆಂದು ವಿಧಿಸಿತು. ಹೊಗೆಯನ್ನು ಅಳೆಯಲು ಮಾಡಿದ ಗಳೆ ಹೀಗೆ ಪೆಟ್ರೋಲನ್ನು ಅಳೆಯುವುದಕ್ಕೂ ಒದಗಿತು.

ಅಮೆರಿಕದ ಹೆದ್ದಾರಿ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ ೬೦ ಮೈಲಿ, ಎಂದರೆ ಸುಮಾರು ೯೬ ಕಿಲೋಮೀಟರು. ಪ್ರಕಟಿತ ಅಂಕಿ ರಸ್ತೆಯಲ್ಲಿ ದೊರೆಯದೆಂದು ಗ್ರಾಹಕರು ದೂರಿದುದರಿಂದ, ೧೯೮೫ರ ಮಾದರಿಗಳಿಂದ ಮೊದಲುಗೊಂಡು ಸರಕಾರವು ನಗರದ ಅಂಕಿಯಲ್ಲಿ ಶೇಕಡ ೧೦ನ್ನೂ ಹೆದ್ದಾರಿಯ ಅಂಕಿಯಲ್ಲಿ ಶೇಕಡ ೨೨ನ್ನೂ ಕಳೆದು ಗಾಡಿಯ ಚೀಟಿಯಲ್ಲಿ ಮುದ್ರಿಸಲಾರಂಭಿಸಿತು. ೨೦೦೮ರ ಮಾದರಿಗಳಿಂದ ಹೆಚ್ಚಿನ ವೇಗ, ಏಸಿಯ ಬಳಕೆ, ಕೊರೆಯುವ ಚಳಿ ಇವುಗಳ ಪರೀಕ್ಷೆಗಳೂ ಸೇರಿದವು. ಆದರೆ ತಯಾರಕರ ಸರಾಸರಿ ಮಿತಿಯ ಲೆಕ್ಕಕ್ಕೆ ಹಳೆಯ ಪರೀಕ್ಷೆಗಳೇ ಆಧಾರವಾಗಿ ಉಳಿದವು. ಒಂದೇ ಗಾಡಿಗೆ ಕೊಳ್ಳುವವನ ಮುಂದೆ ಒಂದು ಗಳೆ, ಕಾನೂನಿನ ಮುಂದೆ ಮತ್ತೊಂದು ಗಳೆ ಎಂಬಂತಾಯಿತು.

ಯೂರೋಪಿನ ಅನುಭವ ಇನ್ನೂ ಬೋಧಪ್ರದವಾದುದು. ಅಲ್ಲಿನ ಪ್ರಕಟಿತ ಅಂಕಿಗೂ ರಸ್ತೆಯ ನಿಜವಾದ ಖರ್ಚಿಗೂ ಇದ್ದ ಅಂತರವನ್ನು ‘ಇಂಟರ್‌ನ್ಯಾಷನಲ್ ಕೌನ್ಸಿಲ್ ಆನ್ ಕ್ಲೀನ್ ಟ್ರಾನ್ಸ್‌ಪೋರ್ಟೇಷನ್’ ಎಂಬ ಸಂಸ್ಥೆ ವರ್ಷವರ್ಷವೂ ಪರಿಶೀಲಿಸಿತು. ೨೦೦೧ರಲ್ಲಿ ಸುಮಾರು ಶೇಕಡ ೮ರಷ್ಟಿದ್ದ ಈ ಅಂತರ ೨೦೧೭ರ ವೇಳೆಗೆ ಸುಮಾರು ೩೯ಕ್ಕೆ ಏರಿತ್ತು. ಈ ಅವಧಿಯಲ್ಲಿ ಚಾಲನಾಕ್ರಮ ಬದಲಾಗಿರಲಿಲ್ಲ. ರಸ್ತೆಗಳೂ ಚಾಲಕರೂ ಅಷ್ಟರಮಟ್ಟಿಗೆ ಬದಲಾಗಿದ್ದರೆಂದು ನಂಬುವಂತಿಲ್ಲ. ೨೦೦೯ರ ನಿಯಮದಿಂದ ತಯಾರಕರ ಮೇಲೆ ಇಂಗಾಲಾಮ್ಲದ ಮಿತಿ ಬಂದಿತ್ತು. ಹಲವು ದೇಶಗಳಲ್ಲಿ ಗಾಡಿಯ ತೆರಿಗೆಯೂ ಇದೇ ಅಂಕಿಯನ್ನು ಅವಲಂಬಿಸಿತ್ತು. ಅಂಕಿಗೆ ದಂಡವೂ ತೆರಿಗೆಯೂ ತಗುಲಿಕೊಂಡಾಗ, ನಿಯಮವು ಬಿಟ್ಟ ಸಡಿಲಿಕೆಗಳನ್ನೆಲ್ಲ ಬಳಸಿಕೊಂಡು ಗಳೆಗೆ ತಕ್ಕಂತೆ ಗಾಡಿಯನ್ನು ಸಿದ್ಧಪಡಿಸುವ ಕಲೆ ಬೆಳೆಯಿತೆಂಬುದೇ ಸಮಂಜಸವಾದ ವಿವರಣೆ. ೨೦೧೭ರಿಂದ ಅಲ್ಲಿ ಹೊಸ ಚಾಲನಾಕ್ರಮ ಜಾರಿಗೆ ಬಂದಿತು. ಇದರ ಅವಧಿ ೩೦ ನಿಮಿಷ. ಗರಿಷ್ಠ ವೇಗ ಗಂಟೆಗೆ ಸುಮಾರು ೧೩೧ ಕಿಲೋಮೀಟರು. ೨೦೨೧ರಿಂದ ಹೊಸ ಗಾಡಿಗಳಲ್ಲಿ ನಿಜವಾದ ಇಂಧನವ್ಯಯವನ್ನು ದಾಖಲಿಸುವ ಸಾಧನವೂ ಕಡ್ಡಾಯವಾಯಿತು. ಈ ದಾಖಲೆಗಳನ್ನು ಆಧರಿಸಿ ಯೂರೋಪಿಯನ್ ಆಯೋಗವು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ಪೆಟ್ರೋಲು ಮತ್ತು ಡೀಸೆಲು ಕಾರುಗಳು ಪ್ರಕಟಿತ ಅಂಕಿಗಿಂತ ಸುಮಾರು ಶೇಕಡ ೨೦ರಷ್ಟು ಹೆಚ್ಚು ಇಂಧನವನ್ನು ಬಳಸುತ್ತಿದ್ದವು. ಹೊರಗಿನಿಂದ ವಿದ್ಯುತ್ತು ತುಂಬಿಸಿಕೊಳ್ಳುವ ಹೈಬ್ರಿಡ್ ಗಾಡಿಗಳಲ್ಲಿ ವ್ಯಯವು ಪ್ರಕಟಿತ ಅಂಕಿಯ ಮೂರೂವರೆ ಪಟ್ಟು ಇತ್ತು. ಪರೀಕ್ಷೆಯು ಊಹಿಸಿದಷ್ಟು ಮಟ್ಟಿಗೆ ಒಡೆಯರು ಅವಕ್ಕೆ ವಿದ್ಯುತ್ತನ್ನು ತುಂಬಿಸುತ್ತಿರಲಿಲ್ಲ.

ಗಳೆ ಒಂದೇ ಆಗಿದ್ದರೂ ಅದನ್ನು ಹಿಡಿಯುವ ಕೈ ಬೇರೆಯಾಗಬಹುದು. ೨೦೧೨ರಲ್ಲಿ ಹ್ಯುಂಡೈ ಮತ್ತು ಕಿಯಾ ಸಂಸ್ಥೆಗಳು ಅಮೆರಿಕದಲ್ಲಿ ಮಾರಿದ ಸುಮಾರು ೯ ಲಕ್ಷ ಗಾಡಿಗಳ ಮೈಲೇಜನ್ನು ತಗ್ಗಿಸಿ ಮರುಪ್ರಕಟಿಸಬೇಕಾಯಿತು. ದೋಷವಿದ್ದುದು ಗಾಡಿಯನ್ನು ತಾನಾಗಿಯೇ ನಿಧಾನಗೊಳ್ಳಲು ಬಿಟ್ಟು ತಡೆಯನ್ನು ಅಳೆಯುವ, ಮೇಲೆ ಹೇಳಿದ ಪ್ರಯೋಗದಲ್ಲಿ. ಅನೇಕ ಪ್ರಯೋಗಗಳ ಸರಾಸರಿಯನ್ನು ಹಿಡಿಯದೆ ಅನುಕೂಲವಾದ ಫಲಗಳನ್ನು ಆರಿಸಿಕೊಂಡರೆಂದು ಅಮೆರಿಕ ಸರಕಾರ ಆಪಾದಿಸಿತು. ೨೦೧೪ರ ಒಪ್ಪಂದದಲ್ಲಿ ಈ ಸಂಸ್ಥೆಗಳು ೧೦ ಕೋಟಿ ಡಾಲರು ದಂಡ ತೆರಲು ಒಪ್ಪಿದವು.

೩. ರಸ್ತೆಯ ಸಾಕ್ಷ್ಯ

ಇನ್ನು ನಮ್ಮ ನಿದರ್ಶನಕ್ಕೆ ಮರಳೋಣ. ಎಸ್‌ಯುವಿಯ ಮೈ ಎತ್ತರವಾದುದು. ಗಾಳಿಗೆ ಎದುರಾಗುವ ಅದರ ಮುಖವೂ ವಿಶಾಲವಾದುದು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ ೯೦ರ ಬದಲು ೧೧೦ ಕಿಲೋಮೀಟರು ವೇಗದಲ್ಲಿ ಓಡಿದರೆ ಆ ತಡೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಭಾರತೀಯ ಪರೀಕ್ಷೆಯ ರೇಖೆ ೯೦ಕ್ಕೇ ನಿಂತುಬಿಡುವುದರಿಂದ ಈ ಹೆಚ್ಚಳದ ಸುಳಿವೂ ಅದಕ್ಕೆ ಸಿಗದು.

ಹೈಬ್ರಿಡ್ ಗಾಡಿಯ ಲಾಭವಿರುವುದು ನಿಂತು ಹೊರಡುವ ಸಂಚಾರದಲ್ಲಿ. ಬ್ರೇಕು ಹಾಕಿದಾಗ ವ್ಯರ್ಥವಾಗಿ ಶಾಖವಾಗಬೇಕಾದ ಶಕ್ತಿಯ ಒಂದಂಶವನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಗಾಡಿ ನಿಂತಾಗ ಎಂಜಿನನ್ನು ಆರಿಸುತ್ತದೆ. ನಿಧಾನಗತಿಯಲ್ಲಿ ವಿದ್ಯುತ್ತಿನಿಂದಲೇ ನಡೆಯುತ್ತದೆ. ಆದುದರಿಂದ ಬೆಂಗಳೂರಿನ ನಿಬಿಡ ರಸ್ತೆಗಳಲ್ಲಿ ಅದಕ್ಕೂ ಸಾಧಾರಣ ಮಾದರಿಗೂ ಇರುವ ವ್ಯತ್ಯಾಸ ಸ್ಫುಟವಾಗಿರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಬ್ರೇಕಿಗೆ ಕೆಲಸವೇ ಇಲ್ಲ. ಮರಳಿ ಪಡೆಯಬೇಕಾದ ಶಕ್ತಿಯೂ ಇಲ್ಲ. ಅಲ್ಲಿ ವ್ಯತ್ಯಾಸ ಕುಗ್ಗುತ್ತದೆ. ಶಿರಾಡಿ ಘಾಟಿಯಂಥ ದೀರ್ಘವಾದ ಇಳಿತದಲ್ಲಿ ಚಿಕ್ಕ ಬ್ಯಾಟರಿ ಬೇಗನೆ ತುಂಬಿಹೋಗಿ, ಉಳಿದ ಶಕ್ತಿಗೆ ಎಡೆ ದೊರೆಯುವುದಿಲ್ಲ. ಇವುಗಳ ಜೊತೆಗೆ ಬೇಸಗೆಯಲ್ಲಿ ಏಸಿಯ ಹೊರೆ, ಐದು ಜನರ ಮತ್ತು ಸಾಮಾನಿನ ಭಾರ, ಟೈರುಗಳಲ್ಲಿ ಗಾಳಿಯ ಕೊರತೆ, ಎಂಜಿನು ಬಿಸಿಯಾಗುವ ಮೊದಲೇ ಮುಗಿಯುವ ಕಿರುಪ್ರಯಾಣ ಇವೆಲ್ಲವೂ ಸೇರುತ್ತವೆ.

ಈ ವಿಚಾರ ಕೇವಲ ಪಾಂಡಿತ್ಯದ ಕುತೂಹಲವಲ್ಲ. ವರ್ಷಕ್ಕೆ ೧೨,೦೦೦ ಕಿಲೋಮೀಟರು ಓಡುವ ಸಂಸಾರವೊಂದಕ್ಕೆ ೨೭.೯೭ರ ಲೆಕ್ಕದಲ್ಲಿ ೪೨೯ ಲೀಟರು ಸಾಕು. ರಸ್ತೆಯಲ್ಲಿ ೨೦ ಮಾತ್ರವೇ ದೊರೆತರೆ ೬೦೦ ಲೀಟರು ಬೇಕು. ಲೀಟರಿಗೆ ೧೦೦ ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ ೧೭,೦೦೦ ರೂಪಾಯಿಗೆ ಮಿಕ್ಕ ವ್ಯತ್ಯಾಸವಾಯಿತು. ಹೈಬ್ರಿಡ್ ಮಾದರಿಗೆ ಹೆಚ್ಚಿನ ಬೆಲೆ ತೆತ್ತವರು ಆ ಹಣ ಎಷ್ಟು ವರ್ಷಗಳಲ್ಲಿ ಮರಳುವುದೆಂದು ಲೆಕ್ಕ ಹಾಕುವುದು ಈ ಅಂಕಿಯನ್ನು ನಂಬಿಯೇ. ಸರಕಾರದ ನೀತಿಯೂ ಇದನ್ನೇ ನಂಬಿದೆ. ೨೦೧೭-೧೮ರಿಂದ ನಮ್ಮ ದೇಶದಲ್ಲಿ ಕಾರುಗಳ ಸರಾಸರಿ ಇಂಗಾಲಾಮ್ಲಕ್ಕೆ ಕಿಲೋಮೀಟರಿಗೆ ೧೩೦ ಗ್ರಾಮಿನ ಮಿತಿಯೂ, ೨೦೨೨-೨೩ರಿಂದ ೧೧೩ ಗ್ರಾಮಿನ ಮಿತಿಯೂ ಬಂದವು. ಅವುಗಳ ಪಾಲನೆಯನ್ನು ಅಳೆದದ್ದು ಪ್ರಯೋಗಶಾಲೆಯ ಉರುಳೆಗಳ ಮೇಲೆಯೇ.

೪. ಅಳೆಯುವ ಕ್ರಮ

ನಿಜವಾದ ಮೈಲೇಜನ್ನು ಅರಿಯಲು ಸರಳವಾದ ವಿಧಾನವುಂಟು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿದ ದೂರವನ್ನು ಗುರುತಿಸಿಕೊಂಡು, ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿದಾಗ ಹಿಡಿಸಿದ ಲೀಟರುಗಳಿಂದ ದೂರವನ್ನು ಭಾಗಿಸಬೇಕು. ಒಂದು ಸಲದ ಫಲವನ್ನು ನೆಚ್ಚಬಾರದು. ಕೆಲವು ತಿಂಗಳ ಲೆಕ್ಕವನ್ನು ಬರೆದಿಡಬೇಕು. ಸರಾಸರಿ ತೆಗೆಯುವಾಗಲೂ ಎಚ್ಚರಿಕೆ ಅವಶ್ಯ. ಊರೊಳಗೆ ೬೦ ಕಿಲೋಮೀಟರನ್ನು ಲೀಟರಿಗೆ ೧೨ರಂತೆಯೂ, ಹೊರಗೆ ೬೦ ಕಿಲೋಮೀಟರನ್ನು ಲೀಟರಿಗೆ ೨೦ರಂತೆಯೂ ಓಡಿದರೆ ಸರಾಸರಿ ೧೬ ಅಲ್ಲ. ಖರ್ಚಾದುದು ೫ ಮತ್ತು ೩, ಒಟ್ಟು ೮ ಲೀಟರು. ೧೨೦ನ್ನು ೮ರಿಂದ ಭಾಗಿಸಿದರೆ ೧೫.

ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಹೇಳುವ ಯೂರೋಪಿನ ಪದ್ಧತಿ ಈ ದೃಷ್ಟಿಯಿಂದ ಮೇಲಾದುದು. ಮೈಲೇಜು ೧೦ರಿಂದ ೧೫ಕ್ಕೆ ಏರಿದರೆ ಸಾವಿರ ಕಿಲೋಮೀಟರಿಗೆ ೩೩ ಲೀಟರು ಉಳಿಯುತ್ತದೆ. ೨೦ರಿಂದ ೨೫ಕ್ಕೆ ಏರಿದರೆ ಉಳಿಯುವುದು ೧೦ ಲೀಟರು ಮಾತ್ರ. ನಮ್ಮ ಪದ್ಧತಿಯಲ್ಲಿ ಎರಡೂ ‘ಐದರ ಏರಿಕೆ’ಯಾಗಿಯೇ ತೋರುತ್ತವೆ.

ಪ್ರಕಟಿತ ಅಂಕಿಯನ್ನು ಸಂಪೂರ್ಣವಾಗಿ ತಿರಸ್ಕರಿಸಬೇಕೆಂದು ನಾವು ಹೇಳುತ್ತಿಲ್ಲ. ಒಂದೇ ಗಳೆಯಿಂದ ಪ್ರಾಮಾಣಿಕವಾಗಿ ಅಳೆದ ಎರಡು ಗದ್ದೆಗಳಲ್ಲಿ ಯಾವುದು ದೊಡ್ಡದೆಂದು ತಿಳಿಯುವಂತೆ, ಒಂದೇ ಬಗೆಯ ಎಂಜಿನುಳ್ಳ ಎರಡು ಗಾಡಿಗಳನ್ನು ಹೋಲಿಸಲು ಅದು ಉಪಯುಕ್ತವೇ ಸರಿ. ಎಂಜಿನಿನ ಬಗೆ ಬೇರೆಯಾದಾಗ ಈ ಹೋಲಿಕೆಯನ್ನೂ ಜಾಗರೂಕತೆಯಿಂದ ಮಾಡಬೇಕು. ಬಳಸುವ ದಾರಿ ಬೇರೆಯಾದಾಗ ಆ ದಾರಿಯ ಸಾಕ್ಷ್ಯವನ್ನೇ ಕೇಳಬೇಕು. ನಮ್ಮ ರಸ್ತೆ, ನಮ್ಮ ಬಿಸಿಲು, ನಮ್ಮ ವೇಗಗಳಿಗೆ ಹತ್ತಿರವಾದ ಗಳೆಯೊಂದು ಇರಬೇಕೆಂದೂ, ಗಾಡಿಗಳು ರಸ್ತೆಯಲ್ಲಿ ನಿಜವಾಗಿ ಬಳಸಿದ ಇಂಧನದ ದಾಖಲೆ ಸಾರ್ವಜನಿಕರಿಗೆ ದೊರೆಯುವಂತಿರಬೇಕೆಂದೂ ಅಪೇಕ್ಷಿಸುವುದು ನ್ಯಾಯವಾಗಿದೆ. ಅಲ್ಲಿಯವರೆಗೆ ಗಾಡಿಯಲ್ಲಿಯೇ ಇಟ್ಟುಕೊಂಡ ಒಂದು ಸಣ್ಣ ಲೆಕ್ಕದ ಪುಸ್ತಕ, ದಶಮಾಂಶಗಳಿಂದ ಅಲಂಕೃತವಾದ ಯಾವ ಅಂಕಿಗಿಂತಲೂ ಹೆಚ್ಚು ನಂಬತಕ್ಕ ದಾಖಲೆಯಾಗಿರುತ್ತದೆ.