ಗೈಗರ್ ಯಂತ್ರದ ಮೌನ

ಗೋಣಿಬೀಡಿನ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿಯಿತೆಂದರೆ ಬೆಂಕಿಪೊಟ್ಟಣವೂ ಹಸಿಯಾಗುತ್ತದೆ. ಇನ್ನು ಕೈಯಲ್ಲಿ ಹಿಡಿಯುವ ಗೈಗರ್ ಯಂತ್ರದ ಪಾಡೇನು? 1928ರಲ್ಲಿ ಗೈಗರ್ ಮತ್ತು ಮ್ಯೂಲರ್ ರೂಪಿಸಿದ ನಳಿಕೆಯ ಮಾದರಿಯೇ ಇಂದಿಗೂ ಅದರ ಜೀವಾಳ. ಸಣ್ಣ ನಳಿಕೆಗಳಿಗೆ ಸಾಮಾನ್ಯವಾಗಿ ಸುಮಾರು 400 ವೋಲ್ಟ್ ಬೇಕು. ತೇವ ಸೇರಿದರೆ ಆ ವಿದ್ಯುತ್ತು ಸೋರಿ ಎಣಿಕೆ ಕೆಡುತ್ತದೆ.

ಯಂತ್ರ ಮೂಕವಾದೊಡನೆ ನಳಿಕೆಯನ್ನೇ ದೂರಬಾರದು. ಮೊದಲು ಬ್ಯಾಟರಿ, ಬಳಿಕ ಕಿಲುಬು ಹಿಡಿದ ತಂತಿಯ ಕೂಡಿಕೆಗಳು. ವೋಲ್ಟೇಜನ್ನು ಬಲ್ಲವರೇ ಅಳೆಯಲಿ, ಸಾಧಾರಣ ಮೀಟರು ತಾನೇ ಹೊರೆಯಾಗಿ ಕಡಿಮೆ ತೋರಿಸೀತು. ಕೊನೆಗೆ ಅದೇ ಬಗೆಯ ಬೇರೊಂದು ನಳಿಕೆಯನ್ನಿಟ್ಟು ನೋಡಬೇಕು. ಅದು ಮಿಡಿದರೆ ಹಳೆಯದೇ ರೋಗಿ.

ನೆಲ, ಗಾಳಿ, ಆಕಾಶಗಳಿಂದ ವಿಕಿರಣ ಸದಾ ಬರುತ್ತಿರುವುದರಿಂದ ಸ್ವಸ್ಥ ಯಂತ್ರವು ಎಲ್ಲಿಯೂ ಪೂರ್ಣ ಮೌನ ತಾಳದು. ಅತಿತೀವ್ರ ವಿಕಿರಣದೆದುರು ಕೆಲವು ಯಂತ್ರಗಳು ಸ್ತಬ್ಧವಾಗುವುದೂ ಉಂಟು. ವಾಚಕರೇ, ಈ ಮೌನವನ್ನು ಅಭಯವೆಂದು ಬಗೆಯಬೇಡಿ.