ಕಡತಕ್ಕೆ ಕನ್ನಡದ ಹೆಸರಿಟ್ಟಾಗ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಮಳೆಯ ಅಳತೆಯನ್ನು ನಿಮ್ಮ ಶಾಲೆಯ ವಿಜ್ಞಾನ ಸಂಘ ಗಣಕದಲ್ಲಿ ದಾಖಲಿಸುತ್ತಿದೆ ಎಂದಿಟ್ಟುಕೊಳ್ಳಿ. ತಾಲ್ಲೂಕಿಗೊಂದು ಕಡತ; ಹೆಸರು ಕನ್ನಡದಲ್ಲೇ ಇದೆ. ಯಾರು, ಯಾವಾಗ, ಏನನ್ನು ತಿದ್ದಿದರು ಎಂಬ ಲೆಕ್ಕವಿಡಲು ‘ಗಿಟ್’ ತಂತ್ರಾಂಶವನ್ನು ಬಳಸುತ್ತೀರಿ. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ತಂತ್ರಾಂಶವಿದು. ಗಿಟ್ ಕೊಡುವ ಪಟ್ಟಿಯಿಂದ ಒಂದೊಂದೇ ಹೆಸರನ್ನು ಓದಿ, ಆ ಕಡತ ಇದ್ದರೆ ಅದರಲ್ಲಿನ ಮಳೆಯ ಪ್ರಮಾಣವನ್ನು ಕೂಡಿಸುವ ಪುಟ್ಟ ಸ್ಕ್ರಿಪ್ಟ್ ಬರೆಯುತ್ತೀರಿ. ಉತ್ತರ ಸೊನ್ನೆ! ದೋಷಸೂಚನೆಯೂ ಇಲ್ಲ.

ಕಾರಣವೇನು?

‘ಗಿಟ್ ಎಲ್‌ಎಸ್-ಫೈಲ್ಸ್’ ಆದೇಶವು ‘ಹಾಸನ’ ಎಂಬ ಹೆಸರನ್ನು ಹೀಗೆ ಮುದ್ರಿಸುತ್ತದೆ:

"\340\262\271\340\262\276\340\262\270\340\262\250"

ಯೂನಿಕೋಡ್‌ನಲ್ಲಿ ‘ಹಾಸನ’ ಎಂದರೆ 4 ಸಂಕೇತಗಳು: ಹ, ದೀರ್ಘದ ಚಿಹ್ನೆ, ಸ ಮತ್ತು ನ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಒಟ್ಟು 12. ಗಿಟ್ ಈ ಬೈಟ್‌ಗಳನ್ನು 8ರ ಆಧಾರದ ಸಂಖ್ಯೆಗಳಾಗಿ, ಉದ್ಧರಣ ಚಿಹ್ನೆಗಳ ನಡುವೆ ಬರೆದಿದೆ. ಅಂಥ ಹೆಸರಿನ ಕಡತ ಡಿಸ್ಕಿನಲ್ಲಿಲ್ಲವಾದ್ದರಿಂದ ಸ್ಕ್ರಿಪ್ಟ್ ಅದನ್ನು ಬಿಟ್ಟು ಮುಂದೆ ಸಾಗುತ್ತದೆ. ಇಂಗ್ಲಿಷ್ ಹೆಸರಿನ ಕಡತಗಳಿಂದಷ್ಟೇ ಪರೀಕ್ಷಿಸಿದ್ದರೆ ಈ ದೋಷ ಕಾಣಿಸುವುದೇ ಇಲ್ಲ.

‘ಕೋರ್.ಕೋಟ್‌ಪಾತ್’ ಎಂಬ ಆಯ್ಕೆಯನ್ನು ‘ಫಾಲ್ಸ್’ ಎಂದು ಬದಲಿಸಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಆದರೆ ಹೆಸರಿನಲ್ಲಿ ಉದ್ಧರಣ ಚಿಹ್ನೆ ಅಥವಾ ಹೊಸ ಸಾಲಿನ ಸಂಕೇತವಿದ್ದರೆ ಮತ್ತೆ ಅದೇ ತೊಡಕು. ಸ್ಕ್ರಿಪ್ಟ್‌ಗೆ ಭದ್ರವಾದ ದಾರಿ ‘-ಜೆಡ್’ ಆಯ್ಕೆ. ಆಗ ಹೆಸರುಗಳು ಇದ್ದಂತೆಯೇ ಬರುತ್ತವೆ. ಪ್ರತಿ ಹೆಸರಿನ ಕೊನೆಯಲ್ಲಿ ಶೂನ್ಯ ಬೈಟ್ ಇರುತ್ತದೆ. ಲಿನಕ್ಸ್‌ನಲ್ಲಿ ಕಡತದ ಹೆಸರಿನೊಳಗೆ ಶೂನ್ಯ ಬೈಟ್ ಬರುವಂತಿಲ್ಲ. ಆದ್ದರಿಂದ ಎರಡು ಹೆಸರುಗಳ ನಡುವಿನ ಗಡಿ ತಪ್ಪುವುದಿಲ್ಲ.

ಹೊಳೆನರಸೀಪುರದ ವಿಶೇಷ

ಈ ನಾಲ್ಕು ಹೆಸರುಗಳಲ್ಲಿ ಹೊಳೆನರಸೀಪುರಕ್ಕೆ ಮಾತ್ರ ಇನ್ನೊಂದು ತೊಂದರೆಯಿದೆ. ಯೂನಿಕೋಡ್‌ನಲ್ಲಿ ಕೀ, ಕೇ, ಕೈ, ಕೊ, ಕೋ ಇವುಗಳ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಭಾಗಗಳಾಗಿ ಒಡೆದೂ ಬರೆಯಬಹುದು. ‘ಹೊ’ ಮತ್ತು ‘ಸೀ’ ಹೀಗೆ ಒಡೆದರೆ 11 ಸಂಕೇತಗಳು 13 ಆಗುತ್ತವೆ. 33 ಬೈಟ್‌ಗಳು 39. ಮ್ಯಾಕ್ ಗಣಕಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಹೆಸರನ್ನು ಒಡೆದೇ ಇಡುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಬೈಟ್‌ಗಳನ್ನು ಹೋಲಿಸುವ ಗಿಟ್‌ಗೆ ಅವು ಬೇರೆ ಬೇರೆ ಕಡತಗಳು. ಇದಕ್ಕೆಂದೇ 2012ರಲ್ಲಿ ‘ಕೋರ್.ಪ್ರಿಕಂಪೋಸ್‌ಯೂನಿಕೋಡ್’ ಎಂಬ ಆಯ್ಕೆಯನ್ನು ಗಿಟ್‌ಗೆ ಸೇರಿಸಲಾಯಿತು.

ಮನುಷ್ಯರು ಓದಲೆಂದು ಸಿದ್ಧಪಡಿಸಿದ ಫಲಿತವನ್ನು ಇನ್ನೊಂದು ಪ್ರೋಗ್ರಾಮ್‌ಗೆ ಉಣಿಸುವ ಮುನ್ನ ಬೈಟ್‌ಗಳನ್ನು ಪರೀಕ್ಷಿಸಿ. ಕಡತ ಸಿಗದಿದ್ದರೆ ಸ್ಕ್ರಿಪ್ಟ್ ಸುಮ್ಮನಿರದೆ ನಿಲ್ಲುವಂತೆ ಮಾಡಿ.

ನೀವೇ ಪ್ರಯತ್ನಿಸಿ: ಅರಸೀಕೆರೆ, ಆಲೂರು, ಬೇಲೂರು, ಸಕಲೇಶಪುರ – ಇವುಗಳಲ್ಲಿ ಒಡೆಯದೆ ಉಳಿಯುವ ಹೆಸರು ಯಾವುದು? (ಉತ್ತರ: ಆಲೂರು.)