ಕಂಪ್ಯೂಟರಿನ ಟಾಸ್ಕ್‌ಬಾರ್ ಮುನಿದರೆ?

ಕುಷ್ಟಗಿಯ ಅಥವಾ ಯಲಬುರ್ಗಾದ ವಿದ್ಯಾರ್ಥಿಯೊಬ್ಬನು ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಲು ಕಂಪ್ಯೂಟರಿನ ಮುಂದೆ ಕುಳಿತಿರುವನೆಂದು ಭಾವಿಸೋಣ. ಅಂದೇ ಕೊನೆಯ ದಿನ. ಪರದೆಯ ಕೆಳಗಿನ ಟಾಸ್ಕ್‌ಬಾರ್ ಒಮ್ಮೆ ಮಾತು ಕೇಳುತ್ತದೆ, ಒಮ್ಮೆ ಕೇಳದು. ಬ್ರೌಸರಿನ ಚಿಹ್ನೆಯನ್ನು ಎಷ್ಟು ಒತ್ತಿದರೂ ಅದು ತೆರೆಯದು. ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸೆಂಬ ಸಲಹೆ ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ ಸುಲಭವಾಗಿ ದೊರೆತೀತು. ಆದರೆ ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಳ್ಳುವುದುಂಟೆ?

ಟಾಸ್ಕ್‌ಬಾರ್ 1995ರಲ್ಲಿ ವಿಂಡೋಸ್ 95ರೊಡನೆ ಬಂದಿತು. ಅದನ್ನು ನಡೆಸುವುದು ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಮು. ಬ್ರೌಸರ್ ಬೇರೆಯೇ ಪ್ರೋಗ್ರಾಮು. ನಾವು ಚಿಹ್ನೆಯನ್ನು ಒತ್ತಿದಾಗ ಎಕ್ಸ್‌ಪ್ಲೋರರ್ ಬ್ರೌಸರನ್ನು ಕರೆಯುತ್ತದೆ. ಹಾಗಾದರೆ ತಪ್ಪು ಕರೆಯುವವನದೋ, ಓಗೊಡಬೇಕಾದವನದೋ?

ಇದನ್ನರಿಯಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತೋಣ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದಕ್ಕೆ ಟಾಸ್ಕ್‌ಬಾರಿನ ಹಂಗಿಲ್ಲ. ಅಲ್ಲಿ 'ರನ್ ನ್ಯೂ ಟಾಸ್ಕ್' ಎಂಬುದನ್ನು ಆರಿಸಿ ಬ್ರೌಸರಿನ ಹೆಸರನ್ನು ಬರೆಯಬೇಕು. ಬ್ರೌಸರ್ ತೆರೆದರೆ ದೋಷ ಕರೆಯುವವನದು: ಪಟ್ಟಿಯಲ್ಲಿರುವ ವಿಂಡೋಸ್ ಎಕ್ಸ್‌ಪ್ಲೋರರನ್ನು ಆರಿಸಿ 'ರೀಸ್ಟಾರ್ಟ್' ಒತ್ತಿದರೆ ಟಾಸ್ಕ್‌ಬಾರ್ ಕ್ಷಣಕಾಲ ಮರೆಯಾಗಿ ಮರಳುತ್ತದೆ. ತೆರೆಯದಿದ್ದರೆ, ಹಿಂದೆ ತೆರೆದಿದ್ದ ಬ್ರೌಸರ್ ಕಣ್ಣಿಗೆ ಕಾಣದೆ ಪಟ್ಟಿಯಲ್ಲಿಯೇ ಉಳಿದಿರಬಹುದು; ಅದನ್ನು ಕೊನೆಗೊಳಿಸಿ ಮತ್ತೆ ಯತ್ನಿಸಬೇಕು.

ತೊಂದರೆ ಮರುಕಳಿಸಿದರೆ ಎರಡನೆಯ ಪರೀಕ್ಷೆಯುಂಟು. ಹೊಸ ಬಳಕೆದಾರ ಖಾತೆಯೊಂದನ್ನು ತೆರೆದು ನೋಡಬೇಕು. ಅಲ್ಲಿ ಎಲ್ಲವೂ ಸರಿಯಿದ್ದರೆ ಹಳೆಯ ಖಾತೆಯ ಕಡತಗಳು ಕೆಟ್ಟಿವೆ. ಅಲ್ಲಿಯೂ ತೊಂದರೆಯಿದ್ದರೆ ವಿಂಡೋಸಿನ ಕಡತಗಳನ್ನೇ ಶಂಕಿಸಬೇಕು. ಆಗ ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ 'ಎಸ್‌ಎಫ್‌ಸಿ ಸ್ಕ್ಯಾನ್‌ನೌ' ಆಜ್ಞೆಯನ್ನಿತ್ತರೆ, ಕೆಟ್ಟ ಕಡತಗಳನ್ನು ಹುಡುಕಿ ಸರಿಪಡಿಸಲು ಯತ್ನಿಸುತ್ತದೆ. ಸ್ಕ್ಯಾನ್‌ನೌ ಪದದ ಹಿಂದೆ ಓರೆಗೆರೆ ಇರಬೇಕು.

ಕಡತಗಳು ಕೆಡುವುದೇಕೆ? ಕಂಪ್ಯೂಟರು ಬರೆಯಬೇಕಾದುದನ್ನು ಕೆಲಕಾಲ ಸ್ಮೃತಿಯಲ್ಲಿಟ್ಟುಕೊಂಡು ಅನಂತರ ಡಿಸ್ಕಿಗೆ ಇಳಿಸುತ್ತದೆ. ನಡುವೆ ವಿದ್ಯುತ್ತು ಹೋದರೆ ಬರಹ ಅರೆಬರೆಯಾಗುತ್ತದೆ. ಆದುದರಿಂದ ವಿದ್ಯುತ್ತು ಹೋಗುವ ಊರುಗಳಲ್ಲಿ ಯುಪಿಎಸ್ ಇರುವುದು ಲೇಸು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು ಪ್ರಯೋಗಶಾಲೆಯ ನಿಯಮ; ಅದು ಇಲ್ಲಿಯೂ ಸಲ್ಲುತ್ತದೆ. ಮೊದಲ ಪರೀಕ್ಷೆಯಲ್ಲಿಯೇ ಬ್ರೌಸರ್ ತೆರೆದರೆ ನಮ್ಮ ವಿದ್ಯಾರ್ಥಿ ಅರ್ಜಿಯನ್ನು ಮೊದಲು ಕಳುಹಿಸಲಿ; ರಿಪೇರಿ ಆಮೇಲಾದರೂ ಆದೀತು.